ಅಂಗಿ ಗುಂಡಿಯ ಕೀಬೋರ್ಡು

ಉಪ್ಪುಖಾರ ಹಚ್ಚದೆ ಹೇಳುತ್ತೇನೆ. ಮನೆಬಳಕೆಯ ಕಂಪ್ಯೂಟರುಗಳ ಚರಿತ್ರೆ ತೋರಿಸುವ ಮ್ಯೂಸಿಯಂ ಪ್ರದರ್ಶನವನ್ನು ವಿನ್ಯಾಸ ಮಾಡುವ ಕೆಲಸ ನನ್ನದಾಗಿತ್ತು. ದಾನವಾಗಿ ಬಂದ ಪೆಟ್ಟಿಗೆಯೊಂದನ್ನು ಬಿಚ್ಚುತ್ತಿದ್ದಾಗ ಕೈ ನಿಂತಿತು. ಒಳಗಿದ್ದದ್ದು ಅಪ್ಪನ ಕಂಪ್ಯೂಟರು; ಅದರ ಕೀಬೋರ್ಡಿನಲ್ಲಿ ಕಿತ್ತುಹೋದ ಒಂದು ಕೀ ಜಾಗದಲ್ಲಿ ಅಪ್ಪ ಅಂಟಿಸಿದ್ದ ಅಂಗಿ ಗುಂಡಿ ಹಾಗೇ ಇತ್ತು. ಅಪ್ಪ ತೀರಿಕೊಂಡಾಗ ನೆನಪಿಗೆಂದು ನಾನು ಬೇಡಿಕೊಂಡಿದ್ದು ಇದೊಂದನ್ನೇ. ಗುಜರಿಗೆ ಹಾಕಿಬಿಟ್ಟೆ ಎಂದಿದ್ದಳು ಅಕ್ಕ.

ಹಳೆಯ ಯಂತ್ರಗಳು ಹೊತ್ತಿಕೊಂಡಾವೆಂದು ಎಲೆಕ್ಟ್ರಿಷಿಯನ್ ಎಲ್ಲದರ ಹೊಟ್ಟೆ ಖಾಲಿ ಮಾಡಿದ್ದ, ಇದರದ್ದೂ. ವೈರು ಕೂಡ ಉಳಿದಿರಲಿಲ್ಲ. ಆದರೂ ಬೆಳಗ್ಗೆ ಬಂದು ಮುಟ್ಟಿದರೆ ಆ ಗುಂಡಿ ಮಾತ್ರ ಬೆಚ್ಚಗಿರುತ್ತಿತ್ತು.

“ನಿಮ್ಮ ಪೆಟ್ಟಿಗೆ ಟೈಪ್ ಮಾಡ್ತಿದೆ ಕಣ್ರೀ,” ಎಂದ ಎಲೆಕ್ಟ್ರಿಷಿಯನ್ ಒಂದು ದಿನ. “ಟಕ್ ಟಕ್, ಆಮೇಲೊಂದು ದಪ್. ಸಂಬಳ ಕೇಳೋದೊಂದು ಬಾಕಿ.”

ಅದು ಅಪ್ಪನ ಕೈ. ಚಿಕ್ಕವಳಿದ್ದಾಗ ಆ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಪೆಟ್ಟಿಗೆಯ ಬಳಿಗೆ ಎದ್ದುಬಿದ್ದು ಓಡಿದೆ. ಏನೂ ಕೇಳಲಿಲ್ಲ. ನಾನು ಕೋಣೆಯ ಹೊರಗೆ ಕಾಲಿಟ್ಟೊಡನೆ ಒಳಗಿದ್ದ ಅವನು, “ಈಗ ಮತ್ತೆ ಶುರುವಾಯ್ತು ನೋಡಿ,” ಎಂದ.

ಗುಜರಿಗೆ ಹಾಕಿದೆನೆಂದು ಸುಳ್ಳು ಹೇಳಿ ದಾನ ಕೊಟ್ಟಿದ್ದಕ್ಕೆ ಅಕ್ಕನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವಳು ಅಲ್ಲಗಳೆಯಲಿಲ್ಲ.

“ಇಷ್ಟು ವರ್ಷ ನಮ್ಮನೇಲಿ ಅಪ್ಪ ಹಗಲೆಲ್ಲ ಟೈಪ್ ಹೊಡೀತಾನೇ ಇದ್ರು ಕಣೇ. ನೀನು ಬಂದಾಗ ಮಾತ್ರ ನಿಲ್ಲಿಸ್ತಿದ್ರು. ಅದನ್ನ ಯಾವ ಬಾಯಲ್ಲಿ ಹೇಳ್ಲಿ ನಿಂಗೆ?”

ಪ್ರದರ್ಶನ ಈಗಲೂ ನಡೆಯುತ್ತಿದೆ. ಶಾಲೆ ಮಕ್ಕಳು ಅಪ್ಪನ ಕೀಬೋರ್ಡು ಇಟ್ಟಿರುವ ಗಾಜಿನ ಪೆಟ್ಟಿಗೆಗೆ ಕಿವಿಯಿಟ್ಟು ನಗುತ್ತಿರುತ್ತಾರೆ. ನಾನು ಹತ್ತಿರ ಹೋದೊಡನೆ ನಗು ನಿಲ್ಲಿಸಿ, ತಲೆಯೆತ್ತಿ ನನ್ನನ್ನೇ ನೋಡುತ್ತಾರೆ.