ಕಿಟಕಿ ತೆರೆಯಲಾ, ಮುಚ್ಚಲಾ?

"ಎರಡೇ ಸ್ಟಾರ್!"

ತೋಂಕಾ ಬಾಯಿತಪ್ಪಿ ಜೋರಾಗಿ ಅಂದೇಬಿಟ್ಟಳು. ಇಡೀ ಐದನೇ ಕ್ಲಾಸು ತಿರುಗಿ ನೋಡಿತು. ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದ ಟೀಚರ್ ಕೈಯೂ ನಿಂತಿತು.

"ಎಲ್ಲಿದೆಯಮ್ಮಾ ಎರಡು ಸ್ಟಾರ್? ನಿನ್ನ ಬೆಂಚಿನ ಕೆಳಗೆ ಆಕಾಶ ಇದೆಯೇನು?"

ಎಲ್ಲರೂ ಗೊಳ್ಳೆಂದು ನಕ್ಕರು. ತೋಂಕಾ ಫೋನನ್ನು ಬ್ಯಾಗಿಗೆ ತುರುಕಿ ತಲೆ ತಗ್ಗಿಸಿದಳು. ನಗುವವರಿಗೇನು, ನಗುತ್ತಾರೆ. ಆ ಎರಡು ಸ್ಟಾರಿನ ಬೆಲೆ ಅವಳಿಗೇ ಗೊತ್ತು.

ತೋಂಕಾಳ ಊರು ಸಮುದ್ರದ ನಡುವಿನ ಒಂದು ದ್ವೀಪ. ಅವಳ ಅಜ್ಜಿ ಪೆರಿನಾ ಮಹಡಿಯ ಕೋಣೆಯನ್ನು ಬೇಸಿಗೆಯಲ್ಲಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಿದ್ದಳು. ಮೂವತ್ತು ವರ್ಷ ಅವಳು "ಕೋಣೆ ಇದೆ" ಎಂದು ಬರೆದ ರಟ್ಟು ಹಿಡಿದು ಹಡಗುಕಟ್ಟೆಯಲ್ಲಿ ನಿಂತವಳು. ಇಳಿದು ಬರುವವರ ಮುಖ ನೋಡುತ್ತಿರಲಿಲ್ಲ, ಚಪ್ಪಲಿ ಬೂಟು ನೋಡುತ್ತಿದ್ದಳು. ಸವೆದ ಬೂಟಿನವರೇ ಒಳ್ಳೆಯ ಗೆಸ್ಟು ಎಂಬುದು ಅವಳ ಲೆಕ್ಕ. ಆದರೆ ಈಗ ರಟ್ಟು ನೋಡುವವರು ಯಾರು? ಎಲ್ಲರೂ ಆಚೆ ದಡದ ಸ್ಪ್ಲಿತ್ ಪೇಟೆಯಲ್ಲಿ ಹಡಗು ಹತ್ತುವ ಮೊದಲೇ ಫೋನಿನಲ್ಲಿ ಕೋಣೆ ಹಿಡಿದಿರುತ್ತಾರೆ.

ಹಾಗಾಗಿ ಈ ವರ್ಷ ತೋಂಕಾಳೇ ಕೋಣೆಯ ಫೋಟೋ ತೆಗೆದು ಬಾಡಿಗೆ ಕೋಣೆಗಳ ಆ್ಯಪಿಗೆ ಹಾಕಿದ್ದಳು. ನಾಲ್ಕು ಗೆಸ್ಟು ಬಂದು ಹೋಗಿದ್ದರು. ನಾಲ್ಕೂ ಐದೈದು ಸ್ಟಾರು. ಐದನೆಯ ಜೋಡಿಯದೇ ಈ ಎರಡು.

ಅಮ್ಮನಿಗೆ ಮಾತ್ರ ನಂಬಿಕೆ ಇರಲಿಲ್ಲ. ಸ್ಪ್ಲಿತ್‌ನ ಒಂದು ಏಜೆನ್ಸಿಗೆ ಕೋಣೆ ವಹಿಸಿಬಿಡೋಣ ಎಂಬುದು ಅವಳ ವಾದ. ಗೋಡೆಗೆ ಬಿಳಿ ಬಣ್ಣ, ಬಾಗಿಲಿಗೆ ನಂಬರಿನ ಬೀಗ. ಅಜ್ಜಿ ಮೆಟ್ಟಿಲು ಹತ್ತುವ ಹಾಗೇ ಇಲ್ಲ. ವಾರಗಟ್ಟಲೆ ಜಗಳವಾಗಿ ಕೊನೆಗೆ ಅಮ್ಮ ಒಂದು ಗೆರೆ ಎಳೆದಿದ್ದಳು. "ಶನಿವಾರ ಏಜೆನ್ಸಿಯವ್ನು ಬರ್ತಾನೆ. ಅವತ್ತು ರೇಟಿಂಗ್ ನಾಲ್ಕೂವರೆ ಇದ್ರೆ ಕೋಣೆ ಅಜ್ಜೀದು. ಒಂದು ಚೂರು ಕೆಳಗಿದ್ರೂ ಏಜೆನ್ಸೀದು."

ನೋಟ್‌ಬುಕ್ಕಿನಲ್ಲಿ ಭಿನ್ನರಾಶಿಯ ಪಕ್ಕದಲ್ಲೇ ತೋಂಕಾ ಲೆಕ್ಕ ಹಾಕಿದಳು. ಇಪ್ಪತ್ತಕ್ಕೆ ಎರಡು ಸೇರಿಸಿ ಐದರಿಂದ ಭಾಗಿಸಿದರೆ ನಾಲ್ಕು ಪಾಯಿಂಟ್ ನಾಲ್ಕು. ಇವತ್ತು ಬುಧವಾರ. ನಾಳೆ ಬರುವ ಗೆಸ್ಟು ಐದು ಕೊಟ್ಟರೆ ಸರಿಯಾಗಿ ನಾಲ್ಕೂವರೆ. ನಾಲ್ಕು ಕೊಟ್ಟರೂ ಕತೆ ಮುಗಿಯಿತು.

ಶಾಲೆ ಬಿಟ್ಟಾಗ ಗೆಳೆಯ ಲೊವ್ರೆ ಫೋನು ಕಿತ್ತುಕೊಂಡು ರಿವ್ಯೂ ಓದಿದ. "'ಕೋಣೆ ಶುಭ್ರವಾಗಿದೆ. ಆದರೆ ನಾವು ಇಲ್ಲದಾಗ ಮನೆಯ ಮುದುಕಿ ಒಳಗೆ ಬಂದು ಕಿಟಕಿ ಮುಚ್ಚುತ್ತಾಳೆ. ರಾತ್ರಿಯಿಡೀ ಬೆಂದುಹೋದೆವು.' ಅಯ್ಯೋ, ಕಿಟಕಿ ಮುಚ್ಚಿದ್ದಕ್ಕೆ ಇಷ್ಟು ಕೋಪಾನಾ?"

"ಅದೇ ನನಗೂ ಅರ್ಥ ಆಗ್ತಿಲ್ಲ ಕಣೋ! ಎರಡು ಕಿಟಕಿ ಎದುರುಬದುರು ತೆರೆದಿಟ್ರೆ ಅಡ್ಡಗಾಳಿ ಹೊಡೆಯಲ್ವಾ? ಕತ್ತು ಹಿಡ್ಕೊಳ್ಳಲ್ವಾ?"

"ಹಿಡ್ಕೊಳ್ಳತ್ತೆ ಮತ್ತೆ. ನಮ್ಮ ಮಾವನಿಗೆ ಹಂಗೇ ಮೂತಿ ಸೊಟ್ಟ ಆಗಿತ್ತು."

ಆ ದ್ವೀಪದ ಜನ ಸಮುದ್ರಕ್ಕೆ ಹೆದರುವವರಲ್ಲ, ಬಿರುಗಾಳಿಗೂ ಹೆದರುವವರಲ್ಲ. ಆದರೆ ಒಂದು ಕಿಟಕಿಯಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಡುವ ಅಡ್ಡಗಾಳಿ ಎಂದರೆ ಹತ್ತು ಮಾರು ದೂರ. ಹಲ್ಲುನೋವು, ಕಿವಿನೋವು, ಸೊಂಟನೋವು, ಎಲ್ಲಕ್ಕೂ ಅದೇ ಕಾರಣ.

"ನಮ್ಮನೇಲಿ ಈ ರಗಳೆ ಇಲ್ಲಪ್ಪ," ಎಂದ ಲೊವ್ರೆ. "ಗೆಸ್ಟು ಕೋಡ್ ಒತ್ತುತ್ತಾರೆ, ಬರ್ತಾರೆ, ಮಲಗ್ತಾರೆ, ಹೋಗ್ತಾರೆ. ಮುಖಾನೇ ನೋಡಲ್ಲ."

"ಮುಖಾನೇ ನೋಡ್ದೇ ಇದ್ರೆ ಗೆಸ್ಟು ಅಂತ ಯಾಕನ್ಬೇಕು?"

"ಸ್ಟಾರ್ ಬರುತ್ತಲ್ಲ! ನಿಮ್ಮಜ್ಜೀನ ಕೆಳಗೇ ಹಿಡಿದಿಡು, ನಿಂಗೂ ಬರುತ್ತೆ."

ತೋಂಕಾ ಅವನ ಕೈಯಿಂದ ಫೋನು ಕಸಿದುಕೊಂಡು ಓಡಿದಳು.

ಅಡುಗೆಮನೆಯಲ್ಲಿ ಅಜ್ಜಿ ಒಣ ಅಂಜೂರಗಳ ನಡುವೆ ಪಲಾವಿನೆಲೆ ಇಟ್ಟು ತಟ್ಟೆ ಜೋಡಿಸುತ್ತಿದ್ದಳು. ನಾಳೆಯ ಗೆಸ್ಟಿಗೆ.

"ಬಂದ್ಯಾ ಬಂಗಾರ? ಅವರಿಬ್ರು ಏನಾದ್ರೂ ಬರೆದ್ರಾ?" ಅಜ್ಜಿ ಕೈ ತೊಳೆದು, ಏಪ್ರನ್ನಿಗೆ ಒರೆಸಿ, ಕುರ್ಚಿ ಎಳೆದುಕೊಂಡು ನೆಟ್ಟಗೆ ಕೂತಳು. ರಿವ್ಯೂ ಕೇಳುವಾಗ ಅವಳು ಕೂರುವುದೇ ಹಾಗೆ. ಅವಳಿಗೆ ಇಂಗ್ಲಿಷು ಬಾರದು. ತೋಂಕಾ ಓದಿ ಹೇಳಿದ್ದೇ ಅವಳಿಗೆ ಗೊತ್ತಾಗುವುದು.

ತೋಂಕಾ ಫೋನು ನೋಡಿದಳು. ಅಜ್ಜಿಯ ಮುಖ ನೋಡಿದಳು. ಮುದುಕಿ ಎಂಬ ಮಾತನ್ನು ಹೇಗೆ ಓದುವುದು?

"'ಕೋಣೆ ಶುಭ್ರವಾಗಿದೆ,'" ಎಂದು ಶುರುಮಾಡಿದಳು. ಅಲ್ಲಿಯವರೆಗೆ ನಿಜವೇ. "'ಅಜ್ಜಿ ತುಂಬಾ ಒಳ್ಳೆಯವರು. ಐದು ಸ್ಟಾರ್.'"

"ಕಿಟಕಿ ವಿಷಯ ಏನೂ ಬರೆದಿಲ್ವಾ? ಪೂರಾ ತೆರೆದಿಟ್ಟು ಸಮುದ್ರಕ್ಕೆ ಹೋಗ್ಬಿಡೋರು, ಪಾಪ, ಏನೂ ಗೊತ್ತಾಗಲ್ಲ. ನಾನೇ ಹತ್ತಿ ಹತ್ತಿ ಮುಚ್ತಿದ್ದೆ."

"ಹ್ಞೂಂ... ಬರೆದಿದ್ದಾರೆ. ಥ್ಯಾಂಕ್ಸ್ ಅಂದಿದ್ದಾರೆ."

"ನೋಡಿದ್ಯಾ!" ಅಜ್ಜಿಯ ಮುಖ ಅರಳಿತು. "ನಿಮ್ಮಮ್ಮನಿಗೆ ಹೇಳು. ನಂಬರಿನ ಬೀಗ ಬಂದು ಕಿಟಕಿ ಮುಚ್ಚುತ್ತಾ?"

ಒಂದು ಸುಳ್ಳು ಹೇಳಲು ಹೋಗಿ ಎರಡಾಗಿತ್ತು. ಎರಡನೆಯದಂತೂ ಬೆಂಕಿಗೆ ತುಪ್ಪ ಹೊಯ್ದ ಹಾಗೆ.

ಗುರುವಾರ ಸಂಜೆಯ ಹಡಗಿನಲ್ಲಿ ರಿತ್ವಾ ಎಂಬ ಹೆಂಗಸು ಬಂದರು. ಫಿನ್‌ಲ್ಯಾಂಡಿನವರು, ನಿವೃತ್ತ ಟೀಚರ್, ಎತ್ತರದ ಆಳು, ಬೆಳ್ಳಿಕೂದಲು. ಅಜ್ಜಿ ಮೊದಲು ಅವರ ಬೂಟು ನೋಡಿ ತೋಂಕಾಳಿಗೆ ಕಣ್ಣು ಮಿಟುಕಿಸಿದಳು. ಬೂಟು ಚೆನ್ನಾಗಿಯೇ ಸವೆದಿತ್ತು.

ರಿತ್ವಾ ಬಳಿ ದಪ್ಪನೆಯ ಚಿತ್ರಪುಸ್ತಕವೊಂದಿತ್ತು. ಹೋದ ಊರಿಗೊಂದು ಪುಟದಂತೆ ಅವರೇ ನೀರುಬಣ್ಣದಲ್ಲಿ ಬರೆದದ್ದು. ಒಂದರಲ್ಲಿ ಸೇತುವೆ, ಇನ್ನೊಂದರಲ್ಲಿ ಮೀನು ಮಾರುವವಳು.

"ಫೋಟೋ ತೆಗೆಯಲ್ವಾ ನೀವು?" ತೋಂಕಾಳಿಗೆ ಆಶ್ಚರ್ಯ.

"ಒಂದು ಸಾವಿರ ಫೋಟೋ ಇವೆ. ಒಂದು ಸಲಾನೂ ತಿರುಗಿ ನೋಡಿಲ್ಲ," ಎಂದು ರಿತ್ವಾ ನಕ್ಕರು. "ಇದನ್ನ ದಿನಾ ನೋಡ್ತೀನಿ."

ಐದು ಸ್ಟಾರ್ ಕೊಡುವ ಮುಖವೇ, ಎಂದುಕೊಂಡಳು ತೋಂಕಾ. ಅಜ್ಜಿ ಸುಮ್ಮನಿದ್ದರೆ ಸಾಕು.

ಅಜ್ಜಿ ಸುಮ್ಮನಿರುತ್ತಾಳೆಯೇ? ರಿತ್ವಾ ಈಜಲು ಹೋದದ್ದೇ ತಡ, ಮೇಲೆ ಹೋಗಿ ಎರಡೂ ಕಿಟಕಿ ಮುಚ್ಚಿ ಬಂದಳು. ತೋಂಕಾ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ತೆರೆದು ಬಂದಳು. ಅಜ್ಜಿ ಅಂಗಳದಿಂದ ತಲೆ ಎತ್ತಿ ನೋಡಿದಳು. "ಅರೆ, ಈಗ ತಾನೇ ಮುಚ್ಚಿದ್ನಲ್ಲ! ಚಿಲಕ ಸಡಿಲ ಆಗಿದೆಯೇನೋ!" ಮತ್ತೆ ಮೆಟ್ಟಿಲು ಹತ್ತಿದಳು.

"ಅಜ್ಜಿ, ಮೇಲೆ ಹೋಗ್ಬೇಡ! ಅವರಿಗೆ... ಯಾರೂ ಬರೋದು ಇಷ್ಟ ಇಲ್ವಂತೆ."

"ಯಾರಂದ್ರು? ಹಿಂದಿನವರು ಥ್ಯಾಂಕ್ಸ್ ಅಂದಿದ್ರಲ್ಲ!"

"ಅದು ಅವರು. ಇವರು ಬೇರೆ."

"ಕತ್ತು ಎಲ್ಲರಿಗೂ ಒಂದೇ ಕಣೇ," ಎಂದು ಅಜ್ಜಿ ಹತ್ತಿಯೇಬಿಟ್ಟಳು.

ಆ ರಾತ್ರಿ ತೋಂಕಾಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಶುಕ್ರವಾರ ಶಾಲೆಯಲ್ಲಿ ಟೀಚರ್ ಕೇಳಿದ್ದು ಒಂದು, ಅವಳು ಹೇಳಿದ್ದು ಇನ್ನೊಂದು. ಮಧ್ಯಾಹ್ನ ಓಡುತ್ತ ಮನೆಗೆ ಬಂದವಳು ಮೊದಲು ತಲೆ ಎತ್ತಿ ಮಹಡಿ ನೋಡಿದಳು. ಎರಡೂ ಕಿಟಕಿ ಮುಚ್ಚಿದ್ದವು! ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಹೊರಡುವ ಮುಂಚೆ ಮುಚ್ಚಿ ಹೋಗಿದ್ದಾಳೆ, ಇನ್ನೇನು.

ತೋಂಕಾ ದಡದಡ ಹತ್ತಿ, ಮೊದಲು ಓಣಿ ಕಡೆಯದನ್ನು, ಆಮೇಲೆ ಸಮುದ್ರದ ಕಡೆಯದನ್ನು ಪೂರಾ ತೆರೆದಳು. ಕಿಟಕಿಯ ಕೆಳಗಿನ ಮೇಜಿನ ಮೇಲೆ ಚಿತ್ರಪುಸ್ತಕ ಬಿಚ್ಚಿಕೊಂಡಿತ್ತು. ಹೊಸ ಪುಟದಲ್ಲಿ ಅವರದೇ ಓಣಿ, ಅವರದೇ ಬಾಗಿಲು, ಬಾಗಿಲಲ್ಲಿ ಏಪ್ರನ್ ಕಟ್ಟಿದ ಅಜ್ಜಿ. ಬಣ್ಣ ಆರಲೆಂದು ಹಾಗೆ ಇಟ್ಟಿದ್ದರು. ಐದು ಸ್ಟಾರ್ ಗ್ಯಾರಂಟಿ ಎಂದು ಕುಣಿಯುತ್ತ ಅವಳು ಲೊವ್ರೆಯ ಮನೆಗೆ ಓಡಿದಳು.

ಅರ್ಧ ಗಂಟೆಯಲ್ಲಿ ದಕ್ಷಿಣದ ಗಾಳಿ ಎದ್ದಿತು. ಸಮುದ್ರ ಕಪ್ಪಾಯಿತು. ಮಳೆ ಅಡ್ಡಡ್ಡಲಾಗಿ ಹೊಡೆಯತೊಡಗಿತು. ತೋಂಕಾ ಮಾತು ಅರ್ಧಕ್ಕೇ ಬಿಟ್ಟು ಎದ್ದಳು. "ಕಿಟಕಿ!" ಎಂದು ಕಿರುಚಿ ಬಿದ್ದಂಬೀಳ ಓಡಿದಳು.

ಅವಳು ಒದ್ದೆಯಾಗಿ ಮಹಡಿ ತಲುಪಿದಾಗ ರಿತ್ವಾ ಕೋಣೆಯ ನಡುವೆ ನಿಂತಿದ್ದರು, ಕೈಯಲ್ಲಿ ಪುಸ್ತಕ. ನೀರು ತೊಟ್ಟಿಕ್ಕುತ್ತಿತ್ತು. ಓಣಿ ಹೋಗಿ ಬಾಗಿಲಿಗೆ ಸೇರಿತ್ತು, ಬಾಗಿಲು ಹೋಗಿ ಆಕಾಶಕ್ಕೆ ಸೇರಿತ್ತು. ಅಜ್ಜಿಯ ಏಪ್ರನ್ ಮಾತ್ರ ನೀಲಿ ಮಚ್ಚೆಯಾಗಿ ಉಳಿದಿತ್ತು. ಬಾಗಿಲ ಬಳಿ ಅಜ್ಜಿ, ತರಕಾರಿ ಚೀಲ ಹಿಡಿದುಕೊಂಡೇ ನಿಂತಿದ್ದಳು.

"ಮೋಡ ನೋಡಿ ನಾನೇ ಮುಚ್ಚಿ ಹೋಗಿದ್ದೆ," ಎಂದರು ರಿತ್ವಾ ಮೆಲ್ಲಗೆ, ಇಂಗ್ಲಿಷಿನಲ್ಲಿ. "ತೆರೆದವರು ಯಾರು?"

ತೋಂಕಾ ಒದ್ದೆ ನೆಲ ನೋಡಿದಳು.

"ಏನಂತೆ? ಬೈತಿದ್ದಾರಾ?" ಎಂದು ಅಜ್ಜಿ ಕೇಳಿದಳು. "ತಪ್ಪು ನನ್ನದು ಅಂತ ಹೇಳು ಮಗಳೇ. ಈ ಚಿಲಕ ಸಡಿಲ ಇದೆ ಅಂತ ನಿನ್ನೇನೇ ಗೊತ್ತಿತ್ತು, ಇವತ್ತು ಹತ್ತಿ ನೋಡೋದು ಮರೆತೆ ಅಂತ ಹೇಳು. ಮುದುಕಿ, ಮರೆವು ಜಾಸ್ತಿ ಅಂತ ಹೇಳು."

ಇಬ್ಬರೂ ತೋಂಕಾಳನ್ನೇ ನೋಡುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅವಳು ಏನು ಹೇಳಿದರೂ ಅದೇ ನಿಜ. ಅಜ್ಜಿ ಹೇಳಿದ್ದನ್ನು ಹಾಗೇ ಹೇಳಿಬಿಟ್ಟರೆ ಸಾಕಿತ್ತು, ಮುಗಿಯುತ್ತಿತ್ತು. ಆದರೆ ಅಜ್ಜಿಯ ಕೈಯ ಚೀಲದಿಂದ ಒಂದು ಟೊಮೆಟೊ ಉರುಳಿ ಬಿತ್ತು, ಅದನ್ನು ಎತ್ತಿಕೊಳ್ಳಲೂ ಅವಳಿಗೆ ನಾಚಿಕೆ. ಅದನ್ನು ನೋಡಲಾಗದೆ ತೋಂಕಾ ಅತ್ತೇಬಿಟ್ಟಳು.

"ನಾನು ತೆರೆದೆ," ಎಂದಳು ಇಂಗ್ಲಿಷಿನಲ್ಲಿ. ಅಜ್ಜಿಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಮತ್ತೆ ಹೇಳಿದಳು. "ನಾನು ತೆರೆದೆ ಅಜ್ಜಿ. ನಿನ್ನೇನೂ ನಾನೇ. ಚಿಲಕ ಸರಿಯಾಗೇ ಇದೆ." ಆಮೇಲೆ ಫೋನು ತೆಗೆದು ಎರಡು ಸ್ಟಾರಿನ ರಿವ್ಯೂವನ್ನು ಎರಡೂ ಭಾಷೆಯಲ್ಲಿ ಪೂರ್ತಿ ಓದಿದಳು. ಮುದುಕಿ ಎಂಬಲ್ಲಿ ದನಿ ಒಡೆಯಿತು, ಆದರೂ ಬಿಡಲಿಲ್ಲ.

ಅಜ್ಜಿ ಮಂಚದ ಅಂಚಿಗೆ ಕೂತಳು. ಚೀಲವನ್ನು ಕೆಳಗಿಟ್ಟಳು.

"ರಾತ್ರಿಯಿಡೀ ಬೆಂದ್ರಂತಾ?" ಎಂದಳು. "ಅಷ್ಟು ಸೆಖೆ ಆಗಿತ್ತಾ ಅವರಿಗೆ?" ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನನಗೆ ಯಾಕೆ ಹೇಳ್ಲಿಲ್ಲ ನೀನು? ನಿನ್ನ ಬಾಯಲ್ಲಿ ಬಂದಿದ್ದೇ ನನಗೆ ಅಲ್ಲಿ ಬರೆದಿರೋದು."

ತೋಂಕಾಳಿಗೆ ಬೈಗುಳ ತಿಂದಿದ್ದರೆ ವಾಸಿ ಅನ್ನಿಸಿತು.

ರಿತ್ವಾ ಇಬ್ಬರನ್ನೂ ನೋಡಿದರು. ಪುಸ್ತಕವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ನಿಮ್ಮಜ್ಜಿ ಮುಚ್ತಾರೆ, ನೀನು ತೆರೀತೀಯ," ಎಂದರು. "ನನ್ನನ್ನ ಇಬ್ರೂ ಕೇಳ್ಲೇ ಇಲ್ಲ."

ತೋಂಕಾ ಅದನ್ನು ಒಂದು ಅಕ್ಷರ ಬಿಡದೆ ಅಜ್ಜಿಗೆ ಹೇಳಿದಳು.

ಅಜ್ಜಿ ಎದ್ದು ಕಿಟಕಿಯ ಬಳಿ ಹೋದಳು. ಚಿಲಕದ ಮೇಲೆ ಕೈಯಿಟ್ಟು ರಿತ್ವಾ ಕಡೆ ತಿರುಗಿದಳು. ಕಿಟಕಿಯನ್ನು ಒಮ್ಮೆ ತೆರೆದು ತೋರಿಸಿದಳು, ಒಮ್ಮೆ ಮುಚ್ಚಿ ತೋರಿಸಿದಳು. ಆಮೇಲೆ ಹುಬ್ಬೇರಿಸಿ ನಿಂತಳು. ರಿತ್ವಾಗೆ ನಗು ಬಂದುಬಿಟ್ಟಿತು.

ಶನಿವಾರ ಬೆಳಗಿನ ಹಡಗಿಗೆ ರಿತ್ವಾ ಹೊರಟುಹೋದರು. ಹತ್ತು ಗಂಟೆಗೆ ಏಜೆನ್ಸಿಯ ಯೆರ್ಕೊ ಬಂದ. ಬಿಳಿ ಶರ್ಟು, ಕೈಯಲ್ಲಿ ಟ್ಯಾಬ್ಲೆಟ್ಟು.

"ನಾಲ್ಕು ಪಾಯಿಂಟ್ ನಾಲ್ಕು," ಎಂದ ಅವನು. "ತೊಂದರೆ ಇಲ್ಲ, ನಾವು ನೋಡ್ಕೋತೀವಿ. ಮೊದಲನೇ ರೂಲು, ಗೆಸ್ಟ್ ಕೋಣೇಲಿ ಮನೆಯವರು ಏನನ್ನೂ ಮುಟ್ಟಬಾರದು."

ಅಮ್ಮ ತಲೆಯಾಡಿಸಿದಳು. ಎಲ್ಲರೂ ಮಹಡಿಗೆ ಹೋದರು. ಕೋಣೆ ಒಣಗಲೆಂದು ಎರಡೂ ಕಿಟಕಿ ತೆರೆದಿದ್ದವು, ಪರದೆ ಹಾರಾಡುತ್ತಿತ್ತು. ಯೆರ್ಕೊ ಎರಡು ಫೋಟೋ ತೆಗೆದ. ಮೂರನೆಯದಕ್ಕೆ ಕತ್ತು ಸವರಿಕೊಂಡ.

"ಅಯ್ಯಯ್ಯೋ, ಏನು ಅಡ್ಡಗಾಳಿ ಇದು! ಬೆವೆತು ಬಂದಿದ್ದೀನಿ, ಸಾಯಿಸ್ತೀರಾ?" ಎಂದವನೇ ದಾಪುಗಾಲಲ್ಲಿ ಹೋಗಿ ಕಿಟಕಿಯನ್ನು ಪಟಾರನೆ ಮುಚ್ಚಿದ.

ಅಮ್ಮ ಮೊದಲು ತುಟಿ ಬಿಗಿಹಿಡಿದಳು. ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿಯೂ ನಕ್ಕಳು. ಪಾಪ ಯೆರ್ಕೊಗೆ ಯಾಕೆಂದೇ ತಿಳಿಯಲಿಲ್ಲ.

ಅಷ್ಟರಲ್ಲಿ ತೋಂಕಾಳ ಜೇಬಿನಲ್ಲಿ ಫೋನು ಟಿಂಗ್ ಎಂದಿತು.

ನಗು ನಿಂತಿತು. ಅಜ್ಜಿ ಏಪ್ರನ್ನಿಗೆ ಕೈ ಒರೆಸಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಓದು," ಎಂದಳು. "ಇದ್ದ ಹಾಗೆ."

"'ನಾಲ್ಕು ಸ್ಟಾರ್,'" ಎಂದು ಓದಿದಳು ತೋಂಕಾ. "'ಮಳೆ ನೀರು ಒಳಗೆ ಬಂದು ನನ್ನ ಪುಸ್ತಕದ ಒಂದು ಪುಟ ಹಾಳಾಯಿತು. ಅದಕ್ಕೆ ಒಂದು ಸ್ಟಾರ್ ಕಡಿಮೆ. ಈ ಮನೆಯಲ್ಲಿ ನಿಜ ಹೇಳುತ್ತಾರೆ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದೂ ಕೇಳುತ್ತಾರೆ. ಅಂಜೂರ ಚೆನ್ನಾಗಿತ್ತು.'"

ಇಪ್ಪತ್ತಾರನ್ನು ಆರರಿಂದ ಭಾಗಿಸಿದರೆ ನಾಲ್ಕು ಪಾಯಿಂಟ್ ಮೂರು. ತೋಂಕಾ ಅದನ್ನೂ ಹೇಳಿದಳು. ಅಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

"ಒಂದೇ ಪುಟ ತಾನೇ?" ಎಂದು ಕೇಳಿದಳು ಅಜ್ಜಿ. "ಮಿಕ್ಕಿದ್ದೆಲ್ಲ ಒಣಗಿತಂತಾ? ಮೀನಿನವಳ ಚಿತ್ರ ಉಳೀತಂತಾ?"

ತೋಂಕಾ ತಲೆ ಎತ್ತಿದಳು. ಅಜ್ಜಿಗೆ ಲೆಕ್ಕ ಕಿವಿಗೇ ಬಿದ್ದಿರಲಿಲ್ಲ. ನೆಟ್ಟಗೆ ಕೂತು ಪ್ರತಿ ಸಲ ಅವಳು ಕೇಳಿಸಿಕೊಳ್ಳುತ್ತಿದ್ದದ್ದು ಸ್ಟಾರನ್ನಲ್ಲ. ಹೋದವರು ಹೇಗಿದ್ದಾರೆ ಎಂಬುದನ್ನು.

"ಕೇಳಿ ಬರೀತೀನಿ ಅಜ್ಜಿ," ಎಂದಳು. "ಆ ಸೆಖೆ ಆದವರಿಗೂ ಬರೀತೀನಿ."

ಅಮ್ಮ ಅಜ್ಜಿಯನ್ನೊಮ್ಮೆ ನೋಡಿ ಯೆರ್ಕೊನ ಕಡೆ ತಿರುಗಿದಳು. "ಆಗಸ್ಟ್ ಮುಗಿಯೋವರೆಗೂ ಕೋಣೆ ಅಜ್ಜೀದೇ ಇರ್ಲಿ. ಆಮೇಲೆ ಮಾತಾಡೋಣ. ಬನ್ನಿ, ಕೆಳಗೆ ಕಾಫಿ ಕುಡಿಯೋಣ, ಅಲ್ಲಿ ಗಾಳಿ ಇಲ್ಲ."

ಅವರಿಬ್ಬರೂ ಇಳಿದು ಹೋದರು. ತೋಂಕಾ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟಳು. ಅಜ್ಜಿ ಎದ್ದು ಹೋಗಿ ಚಿಲಕದ ಮೇಲೆ ಕೈಯಿಟ್ಟು ತಿರುಗಿ ನೋಡಿದಳು.

"ನಿನಗೆ? ತೆರೆಯಲಾ, ಮುಚ್ಚಲಾ?"

ಹುಟ್ಟಿದಾಗಿನಿಂದ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ತೋಂಕಾ ಸ್ವಲ್ಪ ಯೋಚಿಸಿದಳು.

"ತೆರಿ ಅಜ್ಜಿ."

ಅಜ್ಜಿ ಕಿಟಕಿ ತೆರೆದಳು. ತನ್ನ ಕತ್ತಿಗೆ ಸ್ಕಾರ್ಫ್ ಬಿಗಿಯಾಗಿ ಸುತ್ತಿಕೊಂಡು ಬಂದು ಮೊಮ್ಮಗಳ ಪಕ್ಕದಲ್ಲಿ ಕೂತಳು.