ಕೋಲ್ಡ್ ರೂಮಿನ ಗಂಟೆ

ಉಗ್ರಾಣದವನು ಚಿಲಕಕ್ಕೆ ಸಿಕ್ಕಿಸಿದ್ದ ಕಬ್ಬಿಣದ ಪಿನ್ನು ಎಳೆದ. ದಪ್ಪನೆಯ ಬಾಗಿಲು ತೆರೆದ. ಬಿಳಿ ಹಬೆ ಹೊರಗೆ ಉರುಳಿತು.

"ಇದು ನಮ್ಮ ಕೋಲ್ಡ್ ರೂಮು. ಪ್ರವಾಸ ಮುಗಿಯೋವರೆಗೆ ಇಡೀ ಹಡಗಿಗೆ ಬೇಕಾದ ಮೀನು, ಮಾಂಸ ಎಲ್ಲಾ ಇಲ್ಲೇ ಇರುತ್ತೆ," ಎಂದರು ಮ್ಯಾನೇಜರ್, ಪ್ರಯಾಣಿಕರ ಕಡೆ ತಿರುಗಿ.

ಪ್ರಯಾಣಿಕರ ಕಣ್ಣಿಗೆ ಬೀಳದ ಹಡಗಿನ ಜಾಗಗಳನ್ನು ತೋರಿಸುವ ಸುತ್ತಾಟ ಅದು. ಬೆಳಿಗ್ಗೆ ಅಡುಗೆಮನೆ, ನಡುವೆ ಊಟ, ಆಮೇಲೆ ಬಟ್ಟೆ ಒಗೆಯುವ ಜಾಗ, ಎಂಜಿನ್ನು. ಕೊನೆಗೆ ಇದು.

ಹಬೆ ತೆಳುವಾಯಿತು. ಮುಂದೆ ನಿಂತಿದ್ದ ಹೆಂಗಸು ಕಿರುಚಿದಳು.

ಹೊಸ್ತಿಲಿಗೆ ಒತ್ತಿಕೊಂಡಂತೆ ಒಬ್ಬ ಯುವಕ ಮುದುಡಿ ಬಿದ್ದಿದ್ದ. ಅಡುಗೆಮನೆಯ ಬಿಳಿ ಅಂಗಿ ಹಲಗೆಯ ಹಾಗೆ ಸೆಟೆದಿತ್ತು. ರೆಪ್ಪೆಗಳ ಮೇಲೆ ಮಂಜು ಕೂತಿತ್ತು.

ಗುಂಪಿನ ಹಿಂದಿನಿಂದ ಹಿರಿಯ ಮಹಿಳೆಯೊಬ್ಬರು ಮುಂದೆ ಬಂದರು. ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ತಂಗಿಯ ಬಲವಂತಕ್ಕೆ ಹಡಗು ಹತ್ತಿದ್ದವರು. ಬಗ್ಗಿ ಕತ್ತಿನ ನಾಡಿ ಮುಟ್ಟಿದರು. ಮಿಡಿತ ಇರಲಿಲ್ಲ.

"ಎಲ್ಲರೂ ಹಿಂದೆ ಸರೀರಿ," ಎಂದರು. "ಆ ಪಿನ್ನು ಯಾರೂ ಮುಟ್ಟಬೇಡಿ."

* * *

"ದಡ ಸೇರೋದು ನಾಳೆ ಬೆಳಿಗ್ಗೆ," ಎಂದರು ಕ್ಯಾಪ್ಟನ್. "ಅಲ್ಲಿವರೆಗೆ ನೀವೇ ಸ್ವಲ್ಪ ನೋಡಿ ಮೇಡಂ."

"ನೋಡೋಕೇನಿದೆ ಸಾರ್?" ಮ್ಯಾನೇಜರ್ ಬೆವರು ಒರೆಸಿಕೊಂಡರು. "ಬಾಗಿಲು ಹಿಮಕ್ಕೆ ಕಚ್ಚಿಕೊಂಡಿದೆ. ಪಾಪ, ಒಳಗೆ ಸಿಕ್ಕಿಹಾಕಿಕೊಂಡಿದಾನೆ."

"ಒಳಗೆ ಸಿಕ್ಕಿಕೊಂಡವನು ಹೊರಗಿನ ಪಿನ್ನು ಹೇಗೆ ಸಿಕ್ಕಿಸ್ತಾನೆ?" ಇನ್ಸ್‌ಪೆಕ್ಟರ್ ಕೇಳಿದರು. "ಅದಿಲ್ಲದಿದ್ದರೆ ಒಳಗಿನ ಹಿಡಿ ತಳ್ಳಿದರೆ ಸಾಕು, ಬಾಗಿಲು ತೆರೆಯುತ್ತೆ. ನಾನೇ ತಳ್ಳಿ ನೋಡಿದೆ."

ಮ್ಯಾನೇಜರ್ ಕ್ಯಾಪ್ಟನ್ ಹತ್ತಿರ ಸರಿದರು. ಆಮೇಲೆ ದನಿ ತಗ್ಗಿಸಿದರು. "ಹಾಗಾದ್ರೆ ಉಗ್ರಾಣದವನೇ. ನಿನ್ನೆ ಇಬ್ಬರೂ ಹೊಡೆದಾಡಿದ್ರು."

ಉಗ್ರಾಣದವನನ್ನು ಕರೆಸಿದರು.

"ಕಾಲರ್ ಹಿಡಿದಿದ್ದು ನಿಜ ಮೇಡಂ. ಅಡುಗೆಗೆ ಇಟ್ಟಿದ್ದ ವೈನ್ ಬಾಟ್ಲಿ ಕದ್ದಿದ್ದ. ಅಷ್ಟಕ್ಕೆ ಕೊಲ್ತಾರಾ? ಅವನು ಹಾಡು ಹೇಳ್ಕೊಂಡು ಮೂಟೆ ಹೊರೋನು. ಅವನಿದ್ರೆ ನಮಗೆ ಕೆಲಸದ ದಣಿವೇ ಗೊತ್ತಾಗ್ತಿರಲಿಲ್ಲ."

"ಬೆಳಿಗ್ಗೆಯಿಂದ ಎಲ್ಲಿದ್ದೆ?"

"ಪಕ್ಕದ ತರಕಾರಿ ಕೋಣೇಲಿ. ಒಬ್ಬನೇ. ಬಾಗಿಲು ಹಾಕಿತ್ತು, ಏನೂ ಕೇಳಿಸಲಿಲ್ಲ."

ಅವನ ಪರ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ಮ್ಯಾನೇಜರ್ ಮುಖಕ್ಕೆ ಕಳೆ ಬಂತು.

* * *

ಹಡಗಿನ ಡಾಕ್ಟರ್ ಹೆಚ್ಚು ಮಾತಾಡುವವರಲ್ಲ.

"ಪೆಟ್ಟಿಲ್ಲ. ಚಳಿಗೇ ಸತ್ತಿದಾನೆ. ಚೆನ್ನಾಗಿ ಕುಡಿದಿದ್ದ."

"ಬಟ್ಟೆ ಅಷ್ಟು ಗಟ್ಟಿಯಾಗಿದೆಯಲ್ಲ?"

"ಒಳಗೆ ಹೋಗೋ ಮೊದಲೇ ತೊಪ್ಪೆಯಾಗಿತ್ತು. ತಲೆ ಮೇಲಿಂದ ನೀರು ಸುರಿದ ಹಾಗೆ. ಒದ್ದೆ ಬಟ್ಟೆ, ಒಳಗೆ ಫ್ಯಾನಿನ ಗಾಳಿ, ಮೈಯಲ್ಲಿ ಮದ್ಯ. ಬೇಗ ಹೋಗಿದಾನೆ." ಡಾಕ್ಟರ್ ಹೆಣದ ಬಲಗೈ ಎತ್ತಿ ತೋರಿಸಿದರು. ಹೆಬ್ಬೆರಳಿನ ತುದಿ ಸುಲಿದಿತ್ತು. "ಒಳಗಿರೋ ಕರೆಗಂಟೆಯ ಗುಂಡಿ ಕಬ್ಬಿಣದ್ದು. ಚರ್ಮ ಅದಕ್ಕೆ ಅಂಟಿಕೊಂಡಿದೆ."

"ಹಾಗಾದರೆ ಗಂಟೆ ಹೊಡೆದಿದಾನೆ."

"ಕೈಲಾಗೋವರೆಗೂ."

"ಅದು ಎಲ್ಲಿ ಕೇಳಿಸುತ್ತೆ?"

"ಅಡುಗೆಮನೇಲಿ."

ಇನ್ಸ್‌ಪೆಕ್ಟರ್ ಆ ಸುಲಿದ ಹೆಬ್ಬೆರಳನ್ನೇ ನೋಡಿದರು. ಆ ಗಂಟೆಯನ್ನು ಅವರೂ ಕೇಳಿದ್ದರು.

ಬೆಳಿಗ್ಗೆ ಅಡುಗೆಮನೆಯಲ್ಲಿ ಮೀನು ಕತ್ತರಿಸುವ ಹಿರಿಯರು ಆಳುದ್ದದ ಮೀನೊಂದನ್ನು ಸೀಳಿ ತೋರಿಸುತ್ತಿದ್ದರು. ಅಡುಗೆಮನೆಗೆಲ್ಲ ಅವರು 'ಮಾವ'. ಸುತ್ತ ಪ್ರಯಾಣಿಕರು ಫೋಟೋ ತೆಗೆಯುತ್ತಿದ್ದರು. ಆಗ ಗಂಟೆ ಕಿರ್ರೆಂದಿತ್ತು. ಮಾವನ ಬೆನ್ನ ಹಿಂದಿನ ಗೋಡೆಗೆ ಮ್ಯಾನೇಜರ್ ಮೆಲ್ಲಗೆ ಸರಿದು, ಒಂದು ಸ್ವಿಚ್ಚು ಒತ್ತಿ ಗಂಟೆ ನಿಲ್ಲಿಸಿ, ಪ್ರಯಾಣಿಕರ ಕಡೆ ಕಣ್ಣು ಮಿಟುಕಿಸಿದ್ದರು. ಎಲ್ಲರೂ ನಕ್ಕಿದ್ದರು. ಇನ್ಸ್‌ಪೆಕ್ಟರ್ ಕೂಡ.

ನಗದಿದ್ದವರು ಒಬ್ಬರೇ. ಗಂಟೆ ಹೊಡೆದಾಗ ಮಾವನ ಚೂರಿ ಮೀನಿನ ನಡುವೆ ನಿಂತಿತ್ತು. ಗಂಟೆ ನಿಂತಾಗ ಅವರು ತೋಳಿನಿಂದ ಮುಖ ಒರೆಸಿಕೊಂಡು, ಉಸಿರು ಬಿಟ್ಟು, ಮತ್ತೆ ಕತ್ತರಿಸತೊಡಗಿದ್ದರು.

* * *

ಅಡುಗೆಮನೆಯ ಒಲೆಗಳೆಲ್ಲ ಆರಿದ್ದವು. ಕ್ಯಾಪ್ಟನ್, ಮ್ಯಾನೇಜರ್, ಉಗ್ರಾಣದವನು ಒಂದು ಕಡೆ ನಿಂತಿದ್ದರು. ಮಾವ ಒಂದು ಮೂಲೆಯಲ್ಲಿ, ತೊಳೆದ ಚೂರಿಯನ್ನೇ ಮತ್ತೆ ತೊಳೆಯುತ್ತಿದ್ದರು.

"ಉಗ್ರಾಣದವನು ಮಾಡಿಲ್ಲ," ಎಂದರು ಇನ್ಸ್‌ಪೆಕ್ಟರ್. "ಅವನು ಇಡೀ ಬೆಳಿಗ್ಗೆ ಪಕ್ಕದಲ್ಲೇ ಇದ್ದ. ಮನಸ್ಸು ಮಾಡಿದ್ದರೆ ಪಿನ್ನು ತೆಗೆದಿಟ್ಟು ಆಕಸ್ಮಿಕ ಅಂತ ತೋರಿಸಬಹುದಿತ್ತು. ನಮ್ಮೆಲ್ಲರ ಕಣ್ಣೆದುರೇ ಎಳೆದ. ಪಿನ್ನು ಹಾಕಿದವರಿಗೆ ವಾಪಸ್ ಬಂದು ತೆಗೆಯೋಕೆ ಆಗಲಿಲ್ಲ. ಅಂದರೆ ಅವರನ್ನ ಯಾರೋ ಬೇರೆ ಕಡೆ ಹಿಡಿದು ನಿಲ್ಲಿಸಿದ್ದರು."

ಏನೋ ಹೇಳಹೊರಟ ಮ್ಯಾನೇಜರರನ್ನು ಇನ್ಸ್‌ಪೆಕ್ಟರ್ ಕೈಯೆತ್ತಿ ತಡೆದರು.

"ಇನ್ನೊಂದು ವಿಷಯ. ಕೊಲ್ಲೋಕೆ ಹೊರಟವರು ತಲೆ ಮೇಲೆ ನೀರು ಸುರಿಯೋಲ್ಲ. ಕುಡಿದವನ ಅಮಲು ಇಳಿಸೋಕೆ ಸುರೀತಾರೆ. ಪ್ರಯಾಣಿಕರು ಬರೋ ಹೊತ್ತು. ಅವನು ತೂರಾಡ್ತಾ ಇದ್ದ. ಮ್ಯಾನೇಜರ್ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತೆ. ಅವನನ್ನ ಬಚ್ಚಿಡಬೇಕಿತ್ತು. ಅವನ ಮೇಲೆ ಅಷ್ಟು ಕಾಳಜಿ ಯಾರಿಗಿತ್ತು?" ಅವರು ಮೂಲೆಗೆ ತಿರುಗಿದರು. "ಗಂಟೆ ನಿಂತಾಗ ನಿಮಗೆ ಯಾಕೆ ಅಷ್ಟು ಸಮಾಧಾನವಾಯ್ತು?"

ನೀರು ಸುರಿಯುತ್ತಲೇ ಇತ್ತು. ಉಗ್ರಾಣದವನು ಹೋಗಿ ನಲ್ಲಿ ನಿಲ್ಲಿಸಿದ.

"ಅವನು ನಿಮಗೇನಾಗಬೇಕು?" ಇನ್ಸ್‌ಪೆಕ್ಟರ್ ಮೆತ್ತಗೆ ಕೇಳಿದರು.

"ಅಕ್ಕನ ಮಗ," ಎಂದರು ಮಾವ. "ಅವನು ಮಾವ ಅಂತಿದ್ದ. ಅದನ್ನ ಕೇಳಿ ಎಲ್ಲರೂ ಹಾಗೇ ಕರೆಯೋಕೆ ಶುರು ಮಾಡಿದ್ರು."

ಅವರು ಗೋಡೆಗೆ ಒರಗಿದರು.

"ಬಕೆಟ್ಟು ನೀರು ಹುಯ್ದೆ. ಆದ್ರೂ ಹಾಡ್ತಾನೇ ಇದ್ದ. ಒಳಗೆ ತಳ್ಳಿದೆ. ಹೊರಗೆ ಬಂದುಬಿಡ್ತಾನೆ ಅಂತ ಪಿನ್ನು ಹಾಕಿದೆ. ಚಳಿ ತಾಗಲಿ, ಅಮಲು ಇಳೀಲಿ, ಐದು ನಿಮಿಷ ಬಿಟ್ಟು ತೆಗೆಯೋಣ ಅಂತ. ಅಷ್ಟರಲ್ಲಿ ಮ್ಯಾನೇಜರ್ ಬಂದು 'ಬೇಗ ಬಾ, ಜನ ಕಾಯ್ತಿದಾರೆ' ಅಂತ ಎಳ್ಕೊಂಡು ಬಂದ್ರು. ಗಂಟೆ ಹೊಡೀತು. ಜೀವ ಬಾಯಿಗೆ ಬಂತು. ಆಮೇಲೆ ನಿಂತಿತು. ಬಾಗಿಲು ತೆಗೆದು ನೋಡಿದ ಮೇಲೇನೇ ಗಂಟೆ ನಿಲ್ಲಿಸಬೇಕು, ಅದು ಇಲ್ಲಿಯ ಕಟ್ಟಳೆ. ಯಾರೋ ತೆಗೆದ್ರು, ಅವನು ಹೋಗಿ ಮಲಗಿದ ಅಂದ್ಕೊಂಡೆ. ಯಾರನ್ನಾದ್ರೂ ಕೇಳಿದ್ರೆ ಕುಡಿದಿದ್ದು ಬಯಲಾಗುತ್ತಲ್ಲ. ಊಟದ ಹೊತ್ತಿಗೂ ಇಲ್ಲೇ ನಿಲ್ಲಿಸಿಬಿಟ್ರು. ಮೀನು ಕತ್ತರಿಸ್ತಾ ಇದ್ದೆ."

ಕ್ಯಾಪ್ಟನ್ ಮ್ಯಾನೇಜರ್ ಕಡೆ ತಿರುಗಿದರು. "ಬಾಗಿಲು ನೋಡದೆ ಗಂಟೆ ನಿಲ್ಲಿಸಿದ್ದು ನೀವಾ?"

"ಅದು ಸುಮ್ಮಸುಮ್ಮನೆ ಹೊಡ್ಕೊಳ್ಳುತ್ತೆ ಸಾರ್. ಪ್ರಯಾಣಿಕರ ಮುಂದೆ ಚೆನ್ನಾಗಿರಲ್ಲ ಅಂತ..." ಮ್ಯಾನೇಜರ್ ಇನ್ಸ್‌ಪೆಕ್ಟರರನ್ನು ನೋಡಿದರು. "ನೀವೂ ಅಲ್ಲೇ ಇದ್ರಲ್ಲ ಮೇಡಂ. ನೀವೂ ನಕ್ಕಿರಿ."

ಇನ್ಸ್‌ಪೆಕ್ಟರ್ ಗೋಡೆಯ ಆ ಸ್ವಿಚ್ಚಿನ ಕಡೆ ನೋಡಿದರು.

"ಪಿನ್ನು ಹಾಕಿದವರು ಅವರು. ಕಿವಿ ಮುಚ್ಚಿದವರು ನೀವು," ಎಂದರು ಕೊನೆಗೆ. "ದಡದ ಪೊಲೀಸರಿಗೆ ಎರಡನ್ನೂ ಹೇಳ್ತೀನಿ."

ಮಾವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಅಕ್ಕನಿಗೆ ನಾನೇ ಹೇಳಬೇಕು," ಎಂದರು.

* * *

ಕ್ಯಾಪ್ಟನ್ ತಮ್ಮ ಕೋಣೆಯಿಂದಲೇ ಫೋನು ಹಚ್ಚಿಸಿಕೊಟ್ಟರು. ಮಾವ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಕ್ಕಾ."

ಸಣ್ಣ ಕೋಣೆ. ಆ ಕಡೆಯ ದನಿ ಇನ್ಸ್‌ಪೆಕ್ಟರಿಗೂ ಕೇಳಿಸುತ್ತಿತ್ತು.

"ಯಾಕೋ ದನಿ ಹೀಗಿದೆ? ಮತ್ತೆ ಕುಡಿದನಾ? ಹೊಡೀಬೇಡ ಕಣೋ, ಅವನು ಹುಡುಗಬುದ್ಧಿ. ನೀನಿದ್ದೀಯಲ್ಲ ಅಂತ ತಾನೇ ಧೈರ್ಯವಾಗಿ ಕಳಿಸಿದ್ದು. ಒಂಚೂರು ಅವನಿಗೆ ಕೊಡು, ನಾನೇ ಬುದ್ಧಿ ಹೇಳ್ತೀನಿ."

ಮಾವ ಗೋಡೆಯ ಕಡೆ ತಿರುಗಿದರು.

"ಇಲ್ವೇನೋ ಅವನು ಅಲ್ಲಿ?"

ಇನ್ಸ್‌ಪೆಕ್ಟರ್ ಕೈ ಚಾಚಿದರು. ಮಾವ ಫೋನು ಬಿಡಲಿಲ್ಲ. ಅದನ್ನು ಎದೆಗೆ ಒತ್ತಿಕೊಂಡು ಗೋಡೆಯ ಬುಡದಲ್ಲಿ ಕೂತುಬಿಟ್ಟರು. ಫೋನಿನ ಒಳಗಿಂದ ಆ ತಾಯಿ ತಮ್ಮನನ್ನು ಕೂಗುತ್ತಲೇ ಇದ್ದಳು.