ನೆರಳಿಲ್ಲದ ಬಚ್ಚಲು

ಕಾಂದಿದಾಳ ಶವಪೆಟ್ಟಿಗೆ ಮುಚ್ಚುವ ಮೊದಲು ಅವಳ ಬೆರಳಿನ ಹಸಿರು ಕಲ್ಲಿನ ಉಂಗುರ ಬಿಚ್ಚಿಕೊಂಡವಳು ಅವಳ ತಂಗಿ ಸೆನೋಬಿಯಾ. "ಇದು ನಮ್ಮಮ್ಮಂದು, ಭಾವ. ಮಣ್ಣಿಗೆ ಯಾಕೆ ಹಾಕೋದು?" ಅಂದಳು. ಅಷ್ಟು ಜನರೆದುರು ಜಗಳ ಬೇಡವೆಂದು ಕಾಂದಿದಾಳ ಗಂಡ ಎವರಿಸ್ತೊ ಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿದ. ಅತ್ತೆ ಆ ಉಂಗುರ ಕೊಟ್ಟಿದ್ದು ಅವನ ಕೈಗೆ. ಮದುವೆಯ ದಿನ ಸಾಂತಿಯಾಗೊದ ಇಗರ್ಜಿಯಲ್ಲಿ ಕಾಂದಿದಾಳಿಗೆ ತೊಡಿಸಿದವನೂ ಅವನೇ. ಹೆಂಡತಿಯ ಬಟ್ಟೆಬರೆಯನ್ನೂ ನಾದಿನಿಯೇ ದಾನ ಮಾಡಿ ಮುಗಿಸಿದ್ದಳು.

ಅಂದಿನಿಂದ ಎವರಿಸ್ತೊ ಒಬ್ಬನೇ ಅವರೆಕಾಳು ಬೇಯಿಸಿಕೊಂಡ, ಡಾಮಿನೊ ಆಟವನ್ನು ಎರಡೂ ಕಡೆಯಿಂದ ಒಬ್ಬನೇ ಆಡಿದ. ನಾನು ಸತ್ತರೆ ವಾಸನೆ ಬಂದ ಮೇಲೇ ಗಲ್ಲಿಗೆ ಗೊತ್ತಾಗೋದು ಎಂದು ಖಾಲಿ ಕುರ್ಚಿಗೆ ಹೇಳುತ್ತಿದ್ದ. ಆ ಉಂಗುರವೊಂದು ಮನೆಯಲ್ಲಿದ್ದಿದ್ದರೆ ಸಾಕಿತ್ತು.

ಕದಿಯುವುದೇನೂ ಕಷ್ಟವಿರಲಿಲ್ಲ. ಗುರುವಾರ ಸಂಜೆ ಸೆನೋಬಿಯಾ ಜಪಮಾಲೆ ಪ್ರಾರ್ಥನೆಗೆ ಹೋಗುತ್ತಾಳೆ. ಬೀದಿಗಳ್ಳರ ಭಯಕ್ಕೆ ಉಂಗುರ ಬಿಚ್ಚಿ ಮಾತೆ ಮರಿಯಮ್ಮನ ವಿಗ್ರಹದ ಮುಂದೆ ಇಟ್ಟು ಹೋಗುತ್ತಾಳೆ. ಬೀಗದ ಕೈ ಹೂಕುಂಡದಡಿ. ತೊಂದರೆಯಿದ್ದದ್ದು ಆಮೇಲೆ: ಅವಳ ಮೊದಲ ಅನುಮಾನ ಅವನ ಮೇಲೇ. ಆದ್ದರಿಂದ ಆ ಹೊತ್ತಿನಲ್ಲಿ ಅವನು ತನ್ನ ಬಚ್ಚಲಲ್ಲಿದ್ದನೆಂದು ಇಡೀ ಗಲ್ಲಿ ಆಣೆಯಿಟ್ಟು ಹೇಳಬೇಕು.

ಬಚ್ಚಲಿನ ಮಸುಕು ಗಾಜಿನ ಕಿಟಕಿ ಗಲ್ಲಿಗೇ ಮುಖ ಮಾಡಿತ್ತು. ಎದುರು ಜಗಲಿಯಲ್ಲಿ ನೆರೈದಾ ಸಂಜೆಯಿಡೀ ಕೂತು ಮಾಂಸದ ಕಡುಬು ಕರಿದು ಮಾರುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಇರುವೆಯೂ ಹಾಯುತ್ತಿರಲಿಲ್ಲ. ಆದರೆ ಗೋಡೆಯ ಹಳೇ ಬಲ್ಬು ಅವನ ನೆರಳನ್ನು ನೇರವಾಗಿ ಗಾಜಿನ ಮೇಲೆ ಚೆಲ್ಲುತ್ತಿತ್ತು. ಒಳಗೆ ಮನುಷ್ಯನಿಲ್ಲದಿದ್ದರೆ ಗಾಜು ಚಾಡಿ ಹೇಳಿಬಿಡುತ್ತದೆ. ಆಯುಸ್ಸೆಲ್ಲ ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರ್ ನಡೆಸಿದವನಿಗೆ ಉಪಾಯ ಹೊಳೆಯಲು ತಡವಾಗಲಿಲ್ಲ. ದೀಪ ನೆತ್ತಿಯ ಮೇಲಿದ್ದರೆ ನೆರಳು ಕಾಲಡಿಗೆ ಬೀಳುತ್ತದೆ.

ತಗಡಿನ ಮಾಡಿನ ಕೆಳಗೆ ಜಿಪ್ಸಮ್ ಹಲಗೆಯ ಒಳಚಾವಣಿ ಹೊಡೆದ. ಪೆನ್ಸಿಲ್ಲಿನಿಂದ ದುಂಡಗೆ ಗುರುತು ಹಾಕಿ ರಂಧ್ರಗಳನ್ನು ಕೊರೆದ. ಬಿಳಿ ಹುಡಿ ಹುಬ್ಬಿನ ಮೇಲೆಲ್ಲ ಕೂತಿತು. ತಂತಿ ಎಳೆದು, ನೀರಾವಿ ತಡೆಯುವ, ಚಾವಣಿಯೊಳಗೇ ಹುದುಗಿ ಕೂರುವ ದೀಪಗಳ ಸ್ಪ್ರಿಂಗು ಮಡಚಿ ಒಳಗೆ ತಳ್ಳಿದ. ಅವು ಟಕ್ಕೆಂದು ಕಚ್ಚಿಕೊಂಡವು. ಗುಂಡಿ ಒತ್ತಿದಾಗ ಕಿಟಕಿಯ ಗಾಜಿನ ತುಂಬ ಹಾಲಿನಂಥ ಬೆಳಕು ಹರಡಿತು, ಮಧ್ಯೆ ನೆರಳಿನ ಗೆರೆಯೂ ಇಲ್ಲ.

"ಏನೋ ಎವರಿಸ್ತೊ, ಬಚ್ಚಲಿಗೆ ಮದುವೆ ಮಂಟಪದ ಬೆಳಕು! ಮದುಮಗಳು ಯಾರೋ?" ಎಂದು ನೆರೈದಾ ಛೇಡಿಸಿದಳು.

"ಕಣ್ಣು ಮಂಜಾಗಿದೆ ಕಣೇ. ಸೋಪು ಯಾವುದು, ಗೋಡೆ ಯಾವುದು ಗೊತ್ತಾಗಲ್ಲ."

"ಮೊದಲು ನಿನ್ನ ನೆರಳಾದ್ರೂ ಕಾಣ್ತಿತ್ತು. ಈಗ ಅದೂ ಇಲ್ಲ."

ಅವನಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು.

ಗಲ್ಲಿಗೆ ರೂಢಿಯಾಗಲೆಂದು ಪ್ರತಿ ಸಂಜೆ ದೀಪ ಹಾಕಿ, ನಲ್ಲಿ ಬಿಟ್ಟು, ರೇಡಿಯೊದಲ್ಲಿ ಬೇಸ್‌ಬಾಲ್ ಪಂದ್ಯ ಹಚ್ಚಿ ದೀರ್ಘ ಸ್ನಾನ ಮಾಡತೊಡಗಿದ. ಚರ್ಮ ಸುಕ್ಕಾದರೂ ಬಿಡಲಿಲ್ಲ. ನೆರೈದಾಳಿಗಂತೂ ಇದೊಂದು ತಮಾಷೆ. ಬಾಣಲೆ ಇಳಿಸುತ್ತ, "ಏಯ್, ಬದುಕಿದೀಯೇನೋ?" ಎಂದು ಕಿರುಚುವಳು. "ಸತ್ತಿದೀನಿ, ಹೋಗೇ!" ಎಂದು ಇವನು ಸೋಪಿನ ಬಾಯಲ್ಲೇ ಗದರುವನು. ಕಿರುಚಲಿ, ನಾಳೆ ಸಾಕ್ಷಿ ಹೇಳುವವಳು ಇವಳೇ ಅಂದುಕೊಂಡ.

ಗುರುವಾರ ಬಂತು. ಬೆಳಕು, ನೀರು, ರೇಡಿಯೊ, ಎಲ್ಲ ಎಂದಿನಂತೆ. ಒಳಗಿನಿಂದ ಹಾಕಿಕೊಂಡಂತೆ ಕಾಣಲೆಂದು ಬಚ್ಚಲಿನ ಬಾಗಿಲಿನ ಒಳಬೀಗವನ್ನು ಹೊರಗಿನಿಂದ ಕೀಲಿ ತಿರುಗಿಸಿ ಹಾಕಿ, ಹಿತ್ತಲ ಗೋಡೆ ಹಾರಿದ. ಹೂಕುಂಡದಡಿ ಕೀಲಿಯಿತ್ತು, ವಿಗ್ರಹದ ಮುಂದೆ ಉಂಗುರವಿತ್ತು. ಅದನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿದ. ಜೇಬಿಗೆ ಹಾಕಲು ಮನಸ್ಸಾಗದೆ ಕಿರುಬೆರಳಿಗೆ ತೊಟ್ಟುಕೊಂಡ. "ಬಾ ಕಾಂದಿದಾ, ಮನೆಗೆ ಹೋಗೋಣ" ಅಂದ. ದಾರಿಯುದ್ದಕ್ಕೂ ತನ್ನ ಲೆಕ್ಕಾಚಾರವನ್ನು ಮತ್ತೆ ಮತ್ತೆ ಕೆದಕಿದ. ಒಂದು ಬಿರುಕೂ ಸಿಗಲಿಲ್ಲ.

ಗೋಡೆ ಇಳಿದಾಗ ಹಿತ್ತಲ ಬಾಗಿಲು ತೆರೆದಿತ್ತು. ಒಳಗೆ ಅರ್ಧ ಗಲ್ಲಿಯೇ ನೆರೆದಿತ್ತು. ಬಚ್ಚಲಿನ ಬಾಗಿಲು ಮುರಿದು ಬಿದ್ದಿತ್ತು. ಹೊಸ ದೀಪಗಳ ಕೆಳಗೆ ಬರೀ ನೀರು ಹರಿಯುತ್ತಿತ್ತು. ಅವನಿಗಿರುವ ಒಬ್ಬಳೇ ನೆಂಟಳೆಂದು ಯಾರೋ ಇಗರ್ಜಿಗೆ ಓಡಿ ಸೆನೋಬಿಯಾಳನ್ನೂ ಕರೆತಂದಿದ್ದರು. "ಅಯ್ಯೋ ಭಾವ, ಬದುಕಿದೀರಾ!" ಎಂದು ಅವಳು ಅಳುತ್ತ ಅವನ ಎರಡೂ ಕೈ ಹಿಡಿದುಕೊಂಡಳು. ಹಿಡಿದವಳು ಥಟ್ಟನೆ ಅವನ ಕಿರುಬೆರಳನ್ನು ಬೆಳಕಿಗೆ ಎತ್ತಿದಳು. ನೆರೈದಾ ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿರಲಿಲ್ಲ. ಹಿಟ್ಟಿನ ಕೈಯಲ್ಲೇ ಅವನ ಎದೆಗೆ ಗುದ್ದುತ್ತಿದ್ದಳು. "ದಿನಾ ನಾನು ಕೂಗಿದ್ರೆ 'ಸತ್ತಿದೀನಿ, ಹೋಗೇ' ಅಂತಿದ್ದೆಯಲ್ಲೋ, ದರಿದ್ರದವನೇ! ಇವತ್ತು ಅನ್ನಲೇ ಇಲ್ಲವಲ್ಲೋ!"